ಮರದ ಮನೆಯ ಚಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ ನಾವು ಕಳೆದ ವರ್ಷ ಒಂದು ಹಳೆಯ ವಿಲ್ಲಾ ಕೊಂಡೆವು. ನೂರು ವರ್ಷ ದಾಟಿದ, ಒಳಗೂ ಹೊರಗೂ ಹಲಗೆಯೇ ಇರುವ, ಮೂರೂಕಾಲು ಮೀಟರ್ ಎತ್ತರಕ್ಕೆ ಮುಚ್ಚಿಗೆ ಹಾಕಿದ ಮನೆ. ನೋಡಲು ಸೊಗಸು, ಆದರೆ ಇಲ್ಲಿ ಚಳಿಗಾಲವಾದ ಜುಲೈ ತಿಂಗಳ ಬೆಳಗಿನಲ್ಲಿ ಮಲಗುವ ಕೋಣೆಯ ಉಷ್ಣಾಂಶ 8 ಡಿಗ್ರಿಗೆ ಇಳಿದಿರುತ್ತದೆ. ಕಿಟಕಿಯ ಗಾಜಿನಿಂದ ನೀರು ಇಳಿಯುತ್ತದೆ, ಬೀರುವಿನ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿದಿದೆ. ಸದ್ಯಕ್ಕೆ ಸಿಲಿಂಡರನ್ನು ಹೊಟ್ಟೆಯೊಳಗೇ ಇಟ್ಟುಕೊಂಡ ಗ್ಯಾಸ್ ಹೀಟರ್ ಒಂದನ್ನು ಕೋಣೆಯಿಂದ ಕೋಣೆಗೆ ತಳ್ಳಿಕೊಂಡು ದಿನ ದೂಡುತ್ತಿದ್ದೇವೆ. ತೀರ್ಥಹಳ್ಳಿಯಿಂದ ಬಂದಿರುವ ನಮ್ಮ ಅತ್ತೆಯವರು, "ನಮ್ಮದೂ ಮರದ ಮನೆಯೇ, ಅಲ್ಲಿ ಈ ಪಾಟಿ ಚಳಿ ಯಾಕಿಲ್ಲ?" ಎಂದು ಕೇಳುತ್ತಾರೆ. ಗೋಡೆಗೆ ತೂತು ಕೊರೆದು ಒಳಗೆ ನೊರೆ ತುಂಬಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಗುತ್ತಿಗೆದಾರರೊಬ್ಬರು ಹೇಳಿ ಹೋಗಿದ್ದಾರೆ. ನಮ್ಮ ಬಳಿ ಇರುವ ಹಣ ಮಿತವಾದದ್ದು. ಮೊದಲು ಯಾವ ಕೆಲಸ ಹಿಡಿಯಬೇಕು?
ಓದುಗರು, ಡ್ಯುನೆಡಿನ್

ಉತ್ತರ: ನಿಮ್ಮ ಅತ್ತೆಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿರುವ ಎಲ್ಲ ಪ್ರಶ್ನೆಗಳಿಗಿಂತ ಅದು ಹೆಚ್ಚು ಬುಡಕ್ಕೆ ಹೋಗುವ ಪ್ರಶ್ನೆ. ಮರ ಬೆಚ್ಚಗಿನ ವಸ್ತು ಎಂಬುದು ನಿಜ. ಒಂದೇ ದಪ್ಪದ ಇಟ್ಟಿಗೆಯೊಡನೆ ಹೋಲಿಸಿದರೆ ಮರದ ಮೂಲಕ ದಾಟುವ ಶಾಖ ಸುಮಾರು ಐದನೇ ಒಂದು ಭಾಗ ಮಾತ್ರ. ಆದರೆ ದಪ್ಪ ಎಷ್ಟೆಂಬುದೇ ಇಲ್ಲಿ ಮುಖ್ಯ. ತೀರ್ಥಹಳ್ಳಿಯ ಕಡೆಯ ಹಳೆಯ ಮನೆಗಳಲ್ಲಿ ಕಂಬ, ತೊಲೆ, ಮುಚ್ಚಿಗೆಗಳು ಮರದವಾದರೂ ಗೋಡೆ ಮೊಳದಷ್ಟು ದಪ್ಪದ ಮಣ್ಣಿನದು. ಹಗಲಿನ ಬಿಸಿಯನ್ನೂ ಒಲೆಯ ಬಿಸಿಯನ್ನೂ ಆ ಮಣ್ಣು ಹೀರಿಟ್ಟುಕೊಂಡು ರಾತ್ರಿ ಮೆಲ್ಲಗೆ ಹೊರಬಿಡುತ್ತದೆ. ಹೊರಗಿನ ಚಳಿಯೂ ಅಲ್ಲಿ ಡ್ಯುನೆಡಿನ್ನಿನಷ್ಟು ಕಡುವಲ್ಲ. ನಿಮ್ಮ ವಿಲ್ಲಾದ ಗೋಡೆಯೆಂದರೆ ಹೊರಗೊಂದು ಹಲಗೆ, ಒಳಗೊಂದು ಹಲಗೆ, ನಡುವೆ ಒಂದು ಗೇಣಿಗಿಂತ ಕಡಿಮೆ ಅಗಲದ ಖಾಲಿ ಜಾಗ. 20 ಮಿಲಿಮೀಟರ್ ದಪ್ಪದ ಹಲಗೆ ಎಷ್ಟು ಚಳಿ ತಡೆಯುತ್ತದೆಯೋ ಅಷ್ಟನ್ನು ಗಾಜಿನ ಎಳೆಗಳಿಂದ ಮಾಡಿದ ಗಾಜಿನುಣ್ಣೆ ಆರೇಳು ಮಿಲಿಮೀಟರಿನಲ್ಲೇ ತಡೆಯುತ್ತದೆ ಎಂದರೆ ಆ ಗೋಡೆಯ ಬಲ ಎಷ್ಟೆಂದು ತಿಳಿಯಬಹುದು.

ಹಾಗಾದರೆ ಆ ಕಾಲದವರು ಹೇಗೆ ಬದುಕಿದರು? 1880ರಿಂದ 1910ರವರೆಗಿನ ದಶಕಗಳಲ್ಲಿ ಕೌರಿ, ರಿಮು ಮರಗಳಿಂದ ಇಂಥ ಮನೆಗಳನ್ನು ಸಾಲುಸಾಲಾಗಿ ಕಟ್ಟಿದವರು ಅವನ್ನು ಬೆಚ್ಚಗಿಡುವ ಹೊಣೆಯನ್ನು ಗೋಡೆಗೆ ವಹಿಸಿರಲಿಲ್ಲ, ಬೆಂಕಿಗೆ ವಹಿಸಿದ್ದರು. ಅಡುಗೆಮನೆಯಲ್ಲಿ ದಿನವಿಡೀ ಉರಿಯುವ ಕಲ್ಲಿದ್ದಲಿನ ಒಲೆ, ಮುಖ್ಯ ಕೋಣೆಗಳಲ್ಲಿ ಒಂದೊಂದು ಅಗ್ಗಿಷ್ಟಿಕೆ ಇರುತ್ತಿದ್ದವು. ಹೊಸ ಮನೆಗಳಿಗೆ ಶಾಖ ತಡೆಯುವ ಹೊದಿಕೆ, ಅಂದರೆ ಇನ್ಸುಲೇಶನ್, ಕಡ್ಡಾಯವೆಂಬ ನಿಯಮ ನ್ಯೂಜಿಲೆಂಡಿನಲ್ಲಿ ಬಂದದ್ದು 1978ರಲ್ಲಿ. ಈಗ ಒಲೆ ಹೋಗಿದೆ, ಅಗ್ಗಿಷ್ಟಿಕೆಗಳು ಆರಿವೆ, ಮನೆ ಮಾತ್ರ ಹಾಗೆಯೇ ಉಳಿದಿದೆ. ಅಷ್ಟೇ ಅಲ್ಲ, ಆರಿದ ಅಗ್ಗಿಷ್ಟಿಕೆಯ ಚಿಮಣಿ ತೆರೆದೇ ಇದ್ದರೆ ಅದು ಹಗಲೂ ರಾತ್ರಿಯೂ ಕೋಣೆಯ ಬಿಸಿಗಾಳಿಯನ್ನು ಎಳೆದು ಆಕಾಶಕ್ಕೆ ಬಿಡುತ್ತಿರುತ್ತದೆ. ನಿಮ್ಮ ಮನೆಯಲ್ಲಿ ಬಳಕೆಯಲ್ಲಿಲ್ಲದ ಅಂಥ ಚಿಮಣಿ ಇದ್ದರೆ ಇವತ್ತೇ ಅದರ ಬಾಯಿಗೆ ಹಲಗೆಯನ್ನೋ ಗಾಳಿ ತುಂಬುವ ಚೀಲವನ್ನೋ ಇಟ್ಟು ಮುಚ್ಚಿರಿ. ಮತ್ತೆಂದಾದರೂ ಬೆಂಕಿ ಹಾಕುವ ಮುನ್ನ ತೆಗೆಯಬೇಕೆಂದು ಅಲ್ಲೇ ಒಂದು ಚೀಟಿ ಅಂಟಿಸಿಡುವುದು ಒಳ್ಳೆಯದು.

ಇನ್ನು ಕೆಲಸದ ಕ್ರಮ. ನಿಮ್ಮ ಗುತ್ತಿಗೆದಾರರು ಗೋಡೆಯಿಂದ ಆರಂಭಿಸಿದ್ದಾರೆ. ನಾನು ನೆಲದಡಿಯ ಮಣ್ಣಿನಿಂದ ಆರಂಭಿಸುತ್ತೇನೆ. ನಿಮ್ಮ ಮೊದಲ ಶತ್ರು ಚಳಿಯಲ್ಲ, ತೇವ. ವಿಲ್ಲಾಗಳು ಗಿಡ್ಡ ಕಂಬಗಳ ಮೇಲೆ ನಿಂತಿರುತ್ತವೆ, ನೆಲದ ಹಲಗೆಗೂ ಮಣ್ಣಿಗೂ ನಡುವೆ ತೆವಳಿಕೊಂಡು ಹೋಗುವಷ್ಟು ಜಾಗವಿರುತ್ತದೆ. ನೂರು ಚದರ ಮೀಟರ್ ಬರಿ ಮಣ್ಣಿನಿಂದ ದಿನಕ್ಕೆ 40 ಲೀಟರಿನವರೆಗೆ ನೀರು ಆವಿಯಾಗಿ ಮೇಲೇಳಬಹುದು ಎಂಬುದು ಅಲ್ಲಿನ ಕಟ್ಟಡ ಸಂಶೋಧನಾ ಸಂಸ್ಥೆಯಾದ ಬ್ರಾಂಝ್ ಹೇಳುವ ಲೆಕ್ಕ. ಎರಡು ದೊಡ್ಡ ಕೊಡಪಾನದಷ್ಟು ನೀರನ್ನು ಪ್ರತಿದಿನ ನೆಲದ ಸಂದುಗಳ ಮೂಲಕ ಮನೆಯೊಳಗೆ ಸುರಿದುಕೊಂಡು ಮೇಲೆ ಹೀಟರ್ ಹಚ್ಚಿದರೆ, ಒದ್ದೆ ಬಟ್ಟೆ ಉಟ್ಟು ಬೆಂಕಿ ಕಾಯಿಸಿದಂತೆ. ಆದ್ದರಿಂದ ಆ ಮಣ್ಣಿನ ಮೇಲೆ ಕಾಲು ಮಿಲಿಮೀಟರ್ ದಪ್ಪದ ಪಾಲಿಥಿನ್ ಹಾಳೆಯನ್ನು ಹಾಸಿ, ಅಂಚುಗಳು ಒಂದರ ಮೇಲೊಂದು 150 ಮಿಲಿಮೀಟರ್ ಬರುವಂತೆ ಅಂಟುಪಟ್ಟಿ ಹಚ್ಚಿ, ಕಂಬಗಳ ಬುಡಕ್ಕೂ ಸುತ್ತಿಸಿರಿ. ಈ ಇಡೀ ಪಟ್ಟಿಯಲ್ಲಿ ಖರ್ಚಿಗೆ ಹೋಲಿಸಿದರೆ ಅತಿ ಹೆಚ್ಚು ಫಲ ಕೊಡುವ ಕೆಲಸ ಇದೇ ಎಂದು ನನ್ನ ಅಭಿಪ್ರಾಯ. ಸೂರಿನ ದೋಣಿ ಒಡೆದು ಮಳೆನೀರು ಮನೆಯಡಿಗೆ ಹರಿಯುತ್ತಿದ್ದರೆ ಅದನ್ನು ಮೊದಲು ಸರಿಪಡಿಸಬೇಕು. ಅಡಿಪಾಯದ ಸುತ್ತಲಿರುವ ಗಾಳಿಕಿಂಡಿಗಳನ್ನು ಚಳಿ ಬರುತ್ತದೆಂದು ಯಾರಾದರೂ ಮುಚ್ಚಿದ್ದರೆ ತೆರೆಯಿರಿ, ಏಕೆಂದರೆ ಕಂಬ ತೊಲೆಗಳು ಕೊಳೆಯದೆ ಉಳಿದಿರುವುದು ಆ ಗಾಳಿಯಿಂದಲೇ.

ಮನೆಯೊಳಗೆ ಹುಟ್ಟುವ ತೇವದಲ್ಲಿ ನಿಮ್ಮ ಗ್ಯಾಸ್ ಹೀಟರಿನದು ದೊಡ್ಡ ಪಾಲು. ಹೊಗೆಕೊಳವೆ ಇಲ್ಲದ ಹೀಟರಿನಲ್ಲಿ ಒಂದು ಕಿಲೋ ಅನಿಲ ಉರಿದರೆ ಒಂದೂವರೆ ಲೀಟರಿಗೂ ಮಿಕ್ಕಿ ನೀರು ಆವಿಯಾಗಿ ಕೋಣೆಯಲ್ಲೇ ಉಳಿಯುತ್ತದೆ. ಇದು ಅನಿಲದ ರಾಸಾಯನಿಕ ಗುಣ, ಹೀಟರಿನ ದೋಷವಲ್ಲ. ಅದರೊಡನೆ ನೈಟ್ರೋಜನ್ ಡೈಆಕ್ಸೈಡ್, ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ. ಮಲಗುವ ಕೋಣೆಯಲ್ಲಿ ಅದನ್ನು ದಯವಿಟ್ಟು ಹಚ್ಚಬೇಡಿರಿ. ಬಟ್ಟೆಯನ್ನು ಒಳಗೆ ಒಣಹಾಕುವುದು, ಹಬೆಯಲ್ಲಿ ಇಡ್ಲಿ ಬೇಯಿಸುವಾಗ ಅಡುಗೆಮನೆಯ ಫ್ಯಾನು ಹಾಕದಿರುವುದು, ಹಾಕಿದರೂ ಆ ಫ್ಯಾನಿನ ಗಾಳಿ ಹೊರಗೆ ಹೋಗದೆ ಅಟ್ಟಕ್ಕೆ ಹೋಗುವುದು, ಇವೆಲ್ಲ ಅದೇ ಲೆಕ್ಕಕ್ಕೆ ಸೇರುತ್ತವೆ. 20 ಡಿಗ್ರಿ ಬಿಸಿಯಿರುವ ಒಂದು ಘನ ಮೀಟರ್ ಗಾಳಿ 17 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. 10 ಡಿಗ್ರಿಗೆ ತಣಿದರೆ 9 ಗ್ರಾಂ ಚಿಲ್ಲರೆ ಮಾತ್ರ. ಉಳಿದದ್ದು ಎಲ್ಲಿ ಅತಿ ತಂಪಿದೆಯೋ ಅಲ್ಲಿ ಇಳಿಯಲೇಬೇಕು: ಮೊದಲು ಗಾಜಿನ ಮೇಲೆ, ಅನಂತರ ಬಿಸಿಗಾಳಿ ತಲುಪದ ಬೀರುವಿನ ಹಿಂದೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಸರಿಸಿರಿ. ದಿನಕ್ಕೊಮ್ಮೆ ಹತ್ತು ನಿಮಿಷ ಎದುರುಬದುರು ಕಿಟಕಿಗಳನ್ನು ತೆರೆದಿಡಿರಿ. ಅತ್ತೆಯವರು ಒಪ್ಪುವುದು ಕಷ್ಟ, ಆದರೂ ಒಣಗಿದ ತಣ್ಣನೆಯ ಗಾಳಿಯನ್ನು ಬಿಸಿ ಮಾಡುವುದು ತೇವದ ಗಾಳಿಯನ್ನು ಬಿಸಿ ಮಾಡುವುದಕ್ಕಿಂತ ಸುಲಭ.

ತೇವದ ನಂತರ ಅಟ್ಟ. ಹೊದಿಕೆಯಿಲ್ಲದ ಮನೆಯಲ್ಲಿ ಹೊರಹೋಗುವ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಚಾವಣಿಯ ಮೂಲಕ ಹೋಗುತ್ತದೆ. ಅಟ್ಟ ಹತ್ತಿ ನೋಡಿರಿ: ಹಿಂದಿನವರು ಹಾಕಿಸಿದ ಹೊದಿಕೆ ಕುಸಿದು ತೆಳುವಾಗಿರಬಹುದು. ಬಾಡಿಗೆ ಮನೆಗಳಿಗೆಂದು 2019ರಲ್ಲಿ ಜಾರಿಗೆ ಬಂದ ಆರೋಗ್ಯಕರ ಮನೆಗಳ ಮಾನದಂಡದ ಪ್ರಕಾರ ಹಳೆಯ ಹೊದಿಕೆ ಕನಿಷ್ಠ 120 ಮಿಲಿಮೀಟರ್ ದಪ್ಪ ಉಳಿದಿರಬೇಕು. ಹೊಸದಾಗಿ ಹಾಕುವುದಾದರೆ ನಿಮ್ಮ ದಕ್ಷಿಣದ ವಲಯದಲ್ಲಿ ಅದರ ಶಾಖ ತಡೆಯುವ ಶಕ್ತಿ, ಪೊಟ್ಟಣದ ಮೇಲೆ ಆರ್ ಎಂದು ಬರೆದಿರುವ ಅಂಕೆ, 3.3ಕ್ಕಿಂತ ಕಡಿಮೆಯಿರಬಾರದು. ನೀವು ಬಾಡಿಗೆಗೆ ಕೊಡುತ್ತಿಲ್ಲವಾದರೂ ಅದನ್ನೇ ಕೆಳಮಿತಿಯೆಂದು ಇಟ್ಟುಕೊಳ್ಳಿರಿ. ಗಾಜಿನುಣ್ಣೆಯೋ ಕುರಿಯುಣ್ಣೆಯೋ ಪಾಲಿಯೆಸ್ಟರೋ ಎಂಬ ಚರ್ಚೆ ಮುಖ್ಯವಲ್ಲ, ಸಂದಿಲ್ಲದಂತೆ ಹಾಸುವುದು ಮುಖ್ಯ. ಮುಚ್ಚಿಗೆಯೊಳಗೆ ಹುದುಗಿಸಿದ ಹಳೆಯ ದೀಪಗಳ ಮೇಲೆ ಮಾತ್ರ ಹೊದಿಕೆ ಮುಚ್ಚಬಾರದು. ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ನೆಲದ ಕೆಳಗೂ ತೊಲೆಗಳ ನಡುವೆ ಹೊದಿಕೆಯ ದಿಂಡುಗಳನ್ನು ಹಲಗೆಗೆ ಒತ್ತಿ ಕೂರಿಸಬೇಕು. ಇಲ್ಲೊಂದು ಎಚ್ಚರಿಕೆ: ನಿಮ್ಮ ನೆಲದಡಿಯಲ್ಲಿ ಹೊದಿಕೆಯೆಂದು ಹೊಡೆದ ಹಳೆಯ ಅಲ್ಯುಮಿನಿಯಂ ಹಾಳೆ ಕಂಡರೆ ಕೈ ಹಾಕಬೇಡಿರಿ. ಲೋಹದ ಪಿನ್ನುಗಳಿಂದ ಅದನ್ನು ಹೊಡೆಯುವಾಗ ವಿದ್ಯುತ್ ತಂತಿಗೆ ಚುಚ್ಚಿ ಜನ ಸತ್ತಿದ್ದಾರೆ. ಈ ಕಾರಣಕ್ಕೆ 2016ರಿಂದ ವಾಸದ ಮನೆಗಳಲ್ಲಿ ಅದನ್ನು ಹೊಸದಾಗಿ ಹಾಕುವುದನ್ನೂ ಹಳೆಯದನ್ನು ದುರಸ್ತಿ ಮಾಡುವುದನ್ನೂ ನಿಷೇಧಿಸಲಾಗಿದೆ. ಮೇನ್ ಸ್ವಿಚ್ ಆರಿಸದೆ ಅಂಥ ನೆಲದಡಿಗೆ ಯಾರೂ ಇಳಿಯಕೂಡದು.

ಚಾವಣಿ ಮತ್ತು ನೆಲದ ಹೊದಿಕೆಗೆ ವಾರ್ಮರ್ ಕಿವಿ ಹೋಮ್ಸ್ ಎಂಬ ಸರ್ಕಾರಿ ಯೋಜನೆ 2018ರಿಂದ ನೆರವು ಕೊಡುತ್ತ ಬಂದಿದೆ. 2008ಕ್ಕೆ ಮೊದಲು ಕಟ್ಟಿದ, ಮಾಲೀಕರೇ ವಾಸವಿರುವ, ಆದಾಯ ಕಡಿಮೆಯಿರುವ ಕುಟುಂಬಗಳಿಗೆ ಅದು ಮೀಸಲು. ನಿಯಮಗಳು ಬದಲಾಗುತ್ತಿರುವುದರಿಂದ ಅದನ್ನು ನಡೆಸುವ ಈಕಾ ಸಂಸ್ಥೆಯಲ್ಲಿ ವಿಚಾರಿಸಿ ಅನಂತರ ಕೆಲಸ ಆರಂಭಿಸಿರಿ.

ಇಷ್ಟೆಲ್ಲ ಮಾಡಿದ ಮೇಲೆ ಥರ್ಮಾಮೀಟರಿನಲ್ಲಿ ಎಷ್ಟು ಏರುತ್ತದೆ ಎಂದು ನೀವು ಕೇಳಬಹುದು. ಒಟಾಗೋ ವಿಶ್ವವಿದ್ಯಾಲಯದ ಫಿಲಿಪಾ ಹೌಡೆನ್ ಚಾಪ್ಮನ್ ಮತ್ತು ಸಂಗಡಿಗರು 1350 ಮನೆಗಳಲ್ಲಿ ಇದನ್ನು ಪರೀಕ್ಷಿಸಿ 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟಿಸಿದರು. ಹೊದಿಕೆ ಹಾಕಿದ ಮನೆಗಳ ಮಲಗುವ ಕೋಣೆಯ ಸರಾಸರಿ ಉಷ್ಣಾಂಶ ಏರಿದ್ದು ಬರೀ ಅರ್ಧ ಡಿಗ್ರಿ! ಆದರೆ ಹೊದಿಕೆಯಿಲ್ಲದ ಮನೆಗಳು ಬಳಸಿದ ಇಂಧನದಲ್ಲಿ ಶೇ. 81ರಷ್ಟನ್ನು ಮಾತ್ರ ಅವು ಬಳಸಿದ್ದವು, ಗಾಳಿಯ ತೇವ ಇಳಿದಿತ್ತು, ಉಬ್ಬಸ ಬರುವುದೂ ಮಕ್ಕಳು ಶಾಲೆ ತಪ್ಪಿಸುವುದೂ ಕಡಿಮೆಯಾಗಿತ್ತು. ಹೊದಿಕೆ ಮನೆಯನ್ನು ಬಿಸಿ ಮಾಡುವುದಿಲ್ಲ, ನೀವು ಮಾಡಿದ ಬಿಸಿಯನ್ನು ಹಿಡಿದಿಡುತ್ತದೆ ಎಂಬುದನ್ನು ಹೊದಿಕೆ ಮಾರುವವರು ಹೇಳುವುದಿಲ್ಲ.

ಕಿಟಕಿಗಳ ವಿಷಯದಲ್ಲಿ ಜೋಡಿಗಾಜು ಹಾಕಿಸಲು ಆತುರಪಡಬೇಡಿರಿ. ಹಳೆಯ ಮರದ ಚೌಕಟ್ಟಿಗೆ ಅದನ್ನು ಹೊಂದಿಸುವುದು ದುಬಾರಿ. ಮೇಲೆ ಕೆಳಗೆ ಜಾರುವ ಕಿಟಕಿಗಳ ಸಂದಿಗೆ ಬ್ರಶ್ ಪಟ್ಟಿ ಕೂರಿಸಿ, ಒಳಬದಿಯಲ್ಲಿ ಅಯಸ್ಕಾಂತದ ಪಟ್ಟಿಯಿಂದ ನಿಲ್ಲುವ ಅಕ್ರಿಲಿಕ್ ಹಾಳೆಯನ್ನು ಹಾಕಿದರೆ ಜೋಡಿಗಾಜಿನ ಬಹುಪಾಲು ಲಾಭ ಸಿಗುತ್ತದೆ. ಪರದೆ ಅಸ್ತರಿಯಿರುವ ದಪ್ಪ ಬಟ್ಟೆಯದಾಗಿದ್ದು ನೆಲವನ್ನು ಮುಟ್ಟಬೇಕು, ಮೇಲ್ಭಾಗವೂ ಮುಚ್ಚಿರಬೇಕು. ಇಲ್ಲದಿದ್ದರೆ ಗಾಜಿನ ಬಳಿ ತಣಿದ ಗಾಳಿ ಪರದೆಯ ಹಿಂದೆ ಜಾರಿ ಕೆಳಗಿನಿಂದ ಕೋಣೆಗೆ ಬರುತ್ತಲೇ ಇರುತ್ತದೆ. ಹಗಲು ಉತ್ತರದ ಕಿಟಕಿಗಳ ಪರದೆಯನ್ನು ಪೂರ್ತಿ ಸರಿಸಿರಿ. ಭೂಮಧ್ಯರೇಖೆಯ ಆಚೆ ಚಳಿಗಾಲದ ಸೂರ್ಯ ಉತ್ತರದಲ್ಲೇ ಇರುತ್ತಾನೆ; ಉತ್ತರವು ಕುಬೇರನ ದಿಕ್ಕು ಎಂಬ ನಮ್ಮ ಹಿರಿಯರ ಮಾತು ನಿಮ್ಮ ವಿದ್ಯುತ್ ಬಿಲ್ಲಿನ ಮಟ್ಟಿಗಂತೂ ನಿಜವಾಗುತ್ತದೆ.

ಈಗ ಗೋಡೆ. ಅಂದಿನ ವಿಲ್ಲಾಗಳಲ್ಲಿ ಹೊರಗಿನ ಹಲಗೆಯ ಹಿಂದೆ ನೀರು ತಡೆಯುವ ಕಾಗದ ಸಾಮಾನ್ಯವಾಗಿ ಇರುವುದಿಲ್ಲ. ಗಾಳಿಮಳೆಯಲ್ಲಿ ಹಲಗೆಗಳ ಸಂದಿನಿಂದ ಸ್ವಲ್ಪ ನೀರು ಒಳಬರುತ್ತದೆ, ಖಾಲಿ ಜಾಗದಲ್ಲಿ ಆಡುವ ಗಾಳಿ ಅದನ್ನು ಒಣಗಿಸುತ್ತದೆ. ಆ ಮರ ನೂರು ವರ್ಷ ಬಾಳಿರುವುದು ಹೀಗೆ. ಅಲ್ಲಿಗೆ ನೊರೆ ತುಂಬಿದರೆ ಒಣಗುವ ದಾರಿ ಮುಚ್ಚಿಹೋಗುತ್ತದೆ, ಹೊರಗಿನ ತೇವ ಒಳಹಲಗೆಗೆ ದಾಟಲು ಸೇತುವೆ ಕಟ್ಟಿಕೊಟ್ಟಂತಾಗುತ್ತದೆ. ಹೊರಗೋಡೆಗೆ ಹೊದಿಕೆ ತುಂಬಲು ಅಲ್ಲಿ ಸಾಮಾನ್ಯವಾಗಿ ನಗರಸಭೆಯ ಅನುಮತಿಯೂ ಬೇಕು. ನಿಮ್ಮ ಗುತ್ತಿಗೆದಾರರು ಅದನ್ನು ಹೇಳಿದರೇ? ಗೋಡೆಯ ಕೆಲಸವನ್ನು ಕೊನೆಗೆ ಇಟ್ಟುಕೊಂಡು, ಯಾವುದಾದರೂ ಕೋಣೆಯನ್ನು ಹೇಗೂ ನವೀಕರಿಸುವಾಗ ಒಳಹಲಗೆ ಬಿಚ್ಚಿ, ಕಾಗದ ಕೂರಿಸಿ, ಹೊದಿಕೆ ಇಟ್ಟು, ಹಳೆಯ ವಿದ್ಯುತ್ ತಂತಿಗಳನ್ನೂ ಬದಲಿಸಿ ಮುಚ್ಚುವುದು ಸರಿಯಾದ ಮಾರ್ಗ. ಹಲಗೆಯ ಮೇಲೆ ಗೋಣಿಬಟ್ಟೆ ಹೊಡೆದು ಅದರ ಮೇಲೆ ಬಣ್ಣದ ಕಾಗದ ಅಂಟಿಸಿದ್ದರೆ ಅದು ಬೇಗ ಬೆಂಕಿ ಹಿಡಿಯುವ ವಸ್ತು, ಆಗಲೇ ಕಿತ್ತುಹಾಕಿರಿ. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಹೆಚ್ಚು, ಒಣಗಿದ ಬಣ್ಣವನ್ನು ಉಜ್ಜುಕಾಗದದಿಂದ ಉಜ್ಜಬಾರದು.

ಬಿಸಿ ಮಾಡುವ ಸಾಧನಕ್ಕೆ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎಳೆದು ಒಳಗೆ ತರುವ ಹೀಟ್ ಪಂಪ್ ಉತ್ತಮ. ಒಂದು ಯೂನಿಟ್ ವಿದ್ಯುತ್ತಿಗೆ ಅದು ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ. ಎತ್ತರದ ಮುಚ್ಚಿಗೆಯ ಕೋಣೆಯಲ್ಲಿ ಬಿಸಿಗಾಳಿ ಮೇಲೆಯೇ ನಿಲ್ಲುವುದರಿಂದ ನೆಲದ ಬಳಿ ಕೂರಿಸುವ ಬಗೆಯದನ್ನು ಆರಿಸಿರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ 18 ಡಿಗ್ರಿ ನಿಮ್ಮ ಗುರಿಯಾಗಿರಲಿ, ಅತ್ತೆಯವರ ಕೋಣೆಯಲ್ಲಿ ಇನ್ನೆರಡು ಹೆಚ್ಚಿರಲಿ.

ಪ್ರಶ್ನೆ: ಅಮೆರಿಕದ ಬಾಸ್ಟನ್ ಸಮೀಪ 1890ರ ದಶಕದ ಮರದ ಮನೆಯಲ್ಲಿದ್ದೇವೆ. ಮನೆ ಬಿಸಿ ಮಾಡುವ ಬಾಯ್ಲರ್ ದಿನವಿಡೀ ಓಡುತ್ತದೆ, ಕೆಳಗಿನ ಮಹಡಿ ತಣ್ಣಗೇ ಇರುತ್ತದೆ. ಸೂರಿನ ಅಂಚಿನಲ್ಲಿ ಆಳುದ್ದದ ಹಿಮದ ಕೋಲುಗಳು ನೇತಾಡುತ್ತವೆ. ಇವೆರಡಕ್ಕೂ ಸಂಬಂಧವಿದೆಯೇ?
ಓದುಗರು, ಮ್ಯಾಸಚೂಸೆಟ್ಸ್

ಉತ್ತರ: ಇದೆ, ಎರಡಕ್ಕೂ ಕಾರಣ ಒಂದೇ. ಆ ಕಾಲದ ಅಮೆರಿಕದ ಮನೆಗಳಲ್ಲಿ ಗೋಡೆಯ ಕಂಬಗಳು ತಳದಿಂದ ಅಟ್ಟದವರೆಗೆ ಒಂದೇ ಉದ್ದಕ್ಕೆ ನಿಂತಿರುತ್ತವೆ, ಬಲೂನ್ ಫ್ರೇಮ್ ಎಂದು ಅದಕ್ಕೆ ಹೆಸರು. ಕಂಬಗಳ ನಡುವಿನ ಪ್ರತಿಯೊಂದು ಖಾಲಿ ಜಾಗವೂ ಒಂದೊಂದು ಚಿಮಣಿಯಂತೆ ಕೆಲಸ ಮಾಡುತ್ತದೆ. ನೆಲಮಾಳಿಗೆಯಿಂದ ತಣ್ಣನೆಯ ಗಾಳಿ ಒಳಬರುತ್ತದೆ, ಬಿಸಿಗಾಳಿ ಅಟ್ಟಕ್ಕೆ ಏರಿ ಚಾವಣಿಯ ಮೇಲಿನ ಹಿಮವನ್ನು ಕರಗಿಸುತ್ತದೆ, ಕರಗಿದ ನೀರು ತಣ್ಣಗಿರುವ ಅಂಚಿಗೆ ಬಂದು ಮತ್ತೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಟ್ಟೆಯಾಗಿ ನಿಂತರೆ ಹಿಂದೆ ನಿಂತ ನೀರು ಚಾವಣಿಯ ಹೆಂಚುಹಾಳೆಗಳ ಅಡಿಗೆ ನುಗ್ಗಿ ಮಾಳಿಗೆಯ ಗೋಡೆಗೆ ಇಳಿಯುತ್ತದೆ. ಕೋಲುಗಳನ್ನು ಬಡಿದು ಬೀಳಿಸುವುದು ಪರಿಹಾರವಲ್ಲ. ಫ್ಯಾನಿನಿಂದ ಮನೆಯ ಗಾಳಿಯನ್ನು ಹೊರಗೆಳೆದು ಎಲ್ಲೆಲ್ಲಿ ಸೋರುತ್ತದೆ ಎಂದು ಅಳೆಯುವ ಬ್ಲೋವರ್ ಡೋರ್ ಪರೀಕ್ಷೆ ಮಾಡಿಸಿ, ಮೊದಲು ಅಟ್ಟದ ನೆಲದ ಸಂದುಗಳನ್ನೂ ನೆಲಮಾಳಿಗೆಯ ಮೇಲಂಚನ್ನೂ ಮುಚ್ಚಿಸಿ, ಆಮೇಲೆ ಹೊದಿಕೆ ಹಾಕಿಸಿರಿ. ಸೋರಿಕೆ ನಿಲ್ಲಿಸದೆ ಹಾಕಿದ ಹೊದಿಕೆ, ಜೋರು ಗಾಳಿಯಲ್ಲಿ ಹೊದ್ದ ಬಲೆಯಂಥ ಸ್ವೆಟರ್.

ಗೋಡೆಯೊಳಗೆ ಹೊದಿಕೆಯಾಗಿ ಕಾಗದದ ನಾರು ಊದಿಸುವ ಮುನ್ನ ಎರಡು ವಿಷಯ ಖಚಿತಪಡಿಸಿಕೊಳ್ಳಿರಿ. ಪಿಂಗಾಣಿಯ ಗುಂಡಿಗಳ ಮೇಲೆ ಬಿಡಿಬಿಡಿಯಾಗಿ ಎಳೆದ ಹಳೆಯ ವಿದ್ಯುತ್ ತಂತಿಗಳು ಇನ್ನೂ ಬಳಕೆಯಲ್ಲಿದ್ದರೆ, ಅವು ಸುತ್ತಲಿನ ಗಾಳಿಯಿಂದ ತಣಿಯುವಂತೆ ಹಾಕಿದವು, ಹೊದಿಕೆಯಲ್ಲಿ ಹೂತರೆ ಕಾಯುತ್ತವೆ. ಅಟ್ಟದಲ್ಲಿ ಬೂದು ಬಣ್ಣದ, ಹೊಳೆಯುವ ಹರಳಿನಂಥ ವರ್ಮಿಕ್ಯುಲೈಟ್ ಹರಡಿದ್ದರೆ ಅದನ್ನು ಕೆದಕಬೇಡಿರಿ. ಮೊಂಟಾನಾದ ಲಿಬ್ಬಿ ಗಣಿಯಿಂದ 1990ರವರೆಗೆ ಬಂದ ಮಾಲಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆತಿತ್ತು.

ಪ್ರಶ್ನೆ: ಮಡಿಕೇರಿ ಬಳಿಯ ನಮ್ಮ ಹಳೆಯ ಹೆಂಚಿನ ಮನೆಯ ಮಹಡಿ ಪೂರ್ತಿ ಮರದ್ದು. ಜನವರಿಯ ರಾತ್ರಿಗಿಂತ ಜುಲೈ ತಿಂಗಳ ಮಳೆಯ ಚಳಿಯೇ ಹೆಚ್ಚು ಕಾಡುತ್ತದೆ. ಅಜ್ಜಿಯ ಕೋಣೆಯಲ್ಲಿ ರಾತ್ರಿ ಕಬ್ಬಿಣದ ಬಾಣಲೆಯಲ್ಲಿ ಇದ್ದಲು ಕೆಂಡ ಇಟ್ಟು ಬಾಗಿಲು ಮುಚ್ಚುತ್ತೇವೆ. ಬೇರೆ ಉಪಾಯವಿದೆಯೇ?
ಓದುಗರು, ಕೊಡಗು

ಉತ್ತರ: ಕೆಂಡದ ಬಾಣಲೆಯನ್ನು ಇಂದಿನಿಂದಲೇ ನಿಲ್ಲಿಸಿರಿ. ಹೊಗೆ ಕಾಣದಿದ್ದರೂ ಇದ್ದಲಿನ ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಹಿಂದಿನವರು ಬೆಂಕಿ ಕಾಯಿಸುತ್ತಿದ್ದದ್ದು ಹೆಂಚಿನ ಸಂದುಗಳಿಂದ ಹೊಗೆ ಹೋಗುವ ತೆರೆದ ಅಡುಗೆಮನೆಯಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಅಲ್ಲ.

ನಿಮ್ಮಲ್ಲಿ ಬಿಸಿ ಹೋಗುವುದು ಮೇಲಕ್ಕೆ. ಮಂಗಳೂರು ಹೆಂಚು ಮಳೆಯನ್ನು ತಡೆಯುತ್ತದೆ, ಗಾಳಿಯನ್ನಲ್ಲ. ತಡೆಯಬೇಕೆಂದು ಯಾರೂ ಬಯಸಿದ್ದೂ ಇಲ್ಲ. ಆದ್ದರಿಂದ ಹೆಂಚಿಗೆ ಕೈಹಚ್ಚದೆ, ಅಜ್ಜಿಯ ಕೋಣೆಯ ಮುಚ್ಚಿಗೆಯ ಹಲಗೆಗಳ ಸಂದುಗಳಿಗೆ ಮರದ ಪಟ್ಟಿ ಹೊಡೆಸಿ, ಮೇಲ್ಬದಿಯಲ್ಲಿ ಬೆಂಕಿ ಹಿಡಿಯದ ಕಲ್ಲುಣ್ಣೆಯ ಹಾಸುಗಳನ್ನು ಹಾಸಿಸಿರಿ. ಹುಲ್ಲು, ಭತ್ತದ ಹೊಟ್ಟು ಹಾಕುವ ಹಳೆಯ ಯೋಚನೆ ಬೇಡ, ಅದು ಇಲಿಗೂ ಕಿಡಿಗೂ ಆಹ್ವಾನ. ಹೆಂಚು ಸೋರುವ ಜಾಗವಿದ್ದರೆ ಮೊದಲು ಅದನ್ನು ಸರಿಪಡಿಸಬೇಕು, ನೆನೆದ ಹಾಸಿನ ಅಡಿಯಲ್ಲಿ ಮರ ಕೊಳೆಯುತ್ತದೆ, ಗೆದ್ದಲೂ ಹತ್ತುತ್ತದೆ. ಬಾಗಿಲ ಕೆಳಗಿನ ಸಂದಿಗೆ ಮರಳು ತುಂಬಿದ ಉದ್ದನೆಯ ಬಟ್ಟೆಯ ಚೀಲ ಸಾಕು, ಹಾಸಿಗೆಗೆ ರಬ್ಬರಿನ ಬಿಸಿನೀರ ಚೀಲ. ಮಳೆಗಾಲದ ತೇವಕ್ಕೆ ಎಣ್ಣೆ ತುಂಬಿದ ವಿದ್ಯುತ್ ಹೀಟರ್ ಒಳ್ಳೆಯದು, ಅದು ಗಾಳಿಗೆ ನೀರನ್ನೂ ಬೆರೆಸುವುದಿಲ್ಲ, ಹೊಗೆಯನ್ನೂ ಬಿಡುವುದಿಲ್ಲ. ಆದರೆ 2000 ವಾಟಿನ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮೊಬೈಲಿಗೂ ಟೇಬಲ್ ದೀಪಕ್ಕೂ ಇರುವ ಚಿಕ್ಕ ಪ್ಲಗ್ಗಿಗೆ ಅದನ್ನು ಸಿಕ್ಕಿಸಿದರೆ ಮರದ ಹಲಗೆಯ ಮೇಲೆ ಓಡುವ ಹಳೆಯ ತಂತಿ ಕಾದು ಕರಗುತ್ತದೆ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಮೀಟರ್ ಬೋರ್ಡಿನಿಂದಲೇ ಹೊಸ ತಂತಿ ಎಳೆಸಿ, ಅರ್ಥಿಂಗ್ ಸಹಿತ 16 ಆಂಪಿಯರಿನ ಪ್ಲಗ್ ಹಾಕಿಸಿದ ಮೇಲೆ ಹೀಟರ್ ಕೊಳ್ಳಿರಿ.